ಗೋಪಾಲ ಕೃಷ್ಣ ಗೋಖಲೆ: ಎರಡು ಹೋಳಾದ ಪುಣೆಯಲ್ಲಿ ಮಂದಗಾಮಿ ಎನಿಸಿಕೊಂಡ ಮೇಷ್ಟ್ರ ಬದುಕು

ಇಬ್ಬರೂ ರತ್ನಗಿರಿ ಜಿಲ್ಲೆಯವರು. ಇಬ್ಬರೂ ಚಿತ್ಪಾವನ ಬ್ರಾಹ್ಮಣರು. ಇಬ್ಬರೂ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಗಣಿತ ಹೇಳಿಕೊಟ್ಟವರು. ಬಾಲಗಂಗಾಧರ ತಿಲಕರಿಗೂ ಗೋಪಾಲ ಕೃಷ್ಣ ಗೋಖಲೆಯವರಿಗೂ ಹೊರನೋಟಕ್ಕೆ ಇದ್ದ ವ್ಯತ್ಯಾಸ ಹತ್ತು ವರ್ಷದ ವಯಸ್ಸು ಮಾತ್ರ. ಆದರೂ 1890ರಿಂದ ಮುಂದಿನ 25 ವರ್ಷ ಪುಣೆಯ ಓದುಬರಹ ಬಲ್ಲ ಜನ ಈ ಇಬ್ಬರಲ್ಲಿ ಒಬ್ಬರ ಕಡೆಯವರಾಗಿದ್ದರು. ಓದುವ ಪತ್ರಿಕೆ ಬೇರೆ, ಸೇರುವ ಸಭೆ ಬೇರೆ. ದೇಶವೆಂದರೆ ಏನು ಎಂಬ ಪ್ರಶ್ನೆಗೆ ಕೊಡುವ ಉತ್ತರವೂ ಬೇರೆ.

ಅಮೆರಿಕದ ಉದಾರವಾದಿಗಳು ಮತ್ತು ಸಂಪ್ರದಾಯವಾದಿಗಳ ಜಗಳದ ಸುದ್ದಿ ಈಗ ಪ್ರತಿದಿನ ಕನ್ನಡದ ಓದುಗರಿಗೂ ತಲುಪುತ್ತಿದೆ. ಅಲ್ಲಿ ಎರಡೂ ಕಡೆಯವರು ತಾವೇ ನಿಜವಾದ ಅಮೆರಿಕನ್ನರು ಎನ್ನುತ್ತಾರೆ. ಪುಣೆಯಲ್ಲಿ ಇಂಥದ್ದೇ ಜಗಳ ಒಂದು ಶತಮಾನಕ್ಕೂ ಮೊದಲೇ ನಡೆದಿತ್ತು. ಒಂದು ವ್ಯತ್ಯಾಸವಿತ್ತು. ಸಾಮಾಜಿಕ ವಿಚಾರದಲ್ಲಿ ಸಂಪ್ರದಾಯದ ಪರ ನಿಂತ ತಿಲಕರು ರಾಜಕೀಯದಲ್ಲಿ ತೀವ್ರಗಾಮಿ. ಮನೆಯೊಳಗಿನ ಕಟ್ಟಳೆಗಳನ್ನು ಬದಲಿಸಬೇಕೆಂದ ಗೋಖಲೆಯವರು ರಾಜಕೀಯದಲ್ಲಿ ಮಂದಗಾಮಿ. ಗೋಖಲೆಯವರ ಬದುಕನ್ನು ಹಿಂಬಾಲಿಸಿದರೆ ಈ ಎರಡು ಗೆರೆಗಳು ಎಲ್ಲಿ ಅಡ್ಡ ಹಾಯ್ದವು ಎಂಬುದು ಕಾಣುತ್ತದೆ.

ಎಂಟು ರೂಪಾಯಿಯ ವಿದ್ಯಾರ್ಥಿ

ಗೋಖಲೆ ಹುಟ್ಟಿದ್ದು 1866ರ ಮೇ 9ರಂದು, ಕೊಂಕಣದ ಕೋತಳೂಕ ಎಂಬ ಹಳ್ಳಿಯಲ್ಲಿ. ತಂದೆ ಕೃಷ್ಣರಾಯರು ಕೊಲ್ಹಾಪುರದ ಬಳಿಯ ಕಾಗಲ್ ಎಂಬ ಪುಟ್ಟ ಜಹಗೀರಿನಲ್ಲಿ ನೌಕರರು. ಬೆಳಗಾವಿ, ನಿಪ್ಪಾಣಿ ದಾಟಿ ಪುಣೆಯ ಹೆದ್ದಾರಿ ಹಿಡಿದವರಿಗೆ ಗಡಿಯಾಚೆ ಸಿಗುವ ಊರು ಅದೇ. 1879ರಲ್ಲಿ ತಂದೆ ತೀರಿಕೊಂಡಾಗ ಗೋಪಾಲನಿಗೆ 13 ವರ್ಷ. ಅಣ್ಣ ಗೋವಿಂದ ಓದು ಬಿಟ್ಟು ಕಾಗಲ್‌ನಲ್ಲೇ 15 ರೂಪಾಯಿ ಸಂಬಳದ ಕೆಲಸಕ್ಕೆ ಸೇರಿದರು. ಅದರಲ್ಲಿ ತಿಂಗಳಿಗೆ 8 ರೂಪಾಯಿ ತಮ್ಮನ ಓದಿಗೆ ಹೋಗುತ್ತಿತ್ತು. ಉಳಿದ ಏಳರಲ್ಲಿ ಇಡೀ ಮನೆ ನಡೆಯಬೇಕು. ಮುಂದೆ ಶಾಸನಸಭೆಯಲ್ಲಿ ಬಜೆಟ್‌ನ ಪೈಸೆ ಪೈಸೆಯನ್ನೂ ಕೆದಕಿದ ಮನುಷ್ಯನಿಗೆ ಲೆಕ್ಕದ ಮೊದಲ ಪಾಠ ಆ ಎಂಟು ರೂಪಾಯಿಯೇ ಇರಬೇಕು.

ಕೊಲ್ಹಾಪುರದ ರಾಜಾರಾಮ್ ಕಾಲೇಜು, ಪುಣೆಯ ಡೆಕ್ಕನ್ ಕಾಲೇಜು, ಮುಂಬೈನ ಎಲ್ಫಿನ್‌ಸ್ಟನ್ ಕಾಲೇಜು ಹೀಗೆ ಓದಿ 1884ರಲ್ಲಿ ಪದವಿ ಮುಗಿಸಿದರು. ಪುಟಗಟ್ಟಲೆ ಬಾಯಿಪಾಠ ಮಾಡುವ ಹುಡುಗ. ಫ್ರಾನ್ಸಿನ ಕ್ರಾಂತಿಯನ್ನು ಖಂಡಿಸಿ ಎಡ್ಮಂಡ್ ಬರ್ಕ್ ಬರೆದ ಪುಸ್ತಕ ಅವರಿಗೆ ಕಂಠಸ್ಥವಾಗಿತ್ತು. ಇವತ್ತು ಪಶ್ಚಿಮದ ಸಂಪ್ರದಾಯವಾದಿಗಳು ತಮ್ಮ ಮೂಲಪುರುಷ ಎಂದು ಹೇಳಿಕೊಳ್ಳುವುದು ಇದೇ ಬರ್ಕ್‌ನನ್ನು. ಭಾರತದ ಉದಾರವಾದದ ದೊಡ್ಡ ಹೆಸರು ಅವನ ಪುಸ್ತಕವನ್ನು ಉರು ಹೊಡೆದು ಬೆಳೆದದ್ದು ತಮಾಷೆಯಂತೆ ಕಂಡರೂ ಗೋಖಲೆಯವರ ರಾಜಕೀಯ ಅರ್ಥವಾಗಲು ಅದು ಬೇಕು. ಬದಲಾವಣೆ ಬರಲಿ, ಆದರೆ ಇರುವ ಮನೆಯನ್ನು ಕೆಡವದೆ ಬರಲಿ ಎಂಬುದು ಅವರ ಕೊನೆಯವರೆಗಿನ ನಂಬಿಕೆ.

ಒಂದೇ ಶಾಲೆ, ಎರಡು ಪತ್ರಿಕೆ

1885ರಲ್ಲಿ ಗೋಖಲೆ ಪುಣೆಯ ನ್ಯೂ ಇಂಗ್ಲಿಷ್ ಸ್ಕೂಲಿಗೆ ಮೇಷ್ಟ್ರಾಗಿ ಬಂದರು. ಈ ಶಾಲೆಯನ್ನು 1880ರಲ್ಲಿ ಕಟ್ಟಿದವರು ವಿಷ್ಣುಶಾಸ್ತ್ರಿ ಚಿಪಳೂಣಕರ್, ತಿಲಕ್ ಮತ್ತು ಗೋಪಾಲ ಗಣೇಶ ಆಗರ್ಕರ್. ಸರ್ಕಾರದ ನೌಕರಿ ಬೇಡ, ನಾಡಿನ ಮಕ್ಕಳಿಗೆ ನಾವೇ ಕಲಿಸೋಣ ಎಂದು ಹೊರಟ ಯುವಕರು. 1881ರಲ್ಲಿ ಇದೇ ಗುಂಪು ಕೇಸರಿ ಮತ್ತು ಮರಾಠಾ ಪತ್ರಿಕೆ ಆರಂಭಿಸಿತು. ಕೊಲ್ಹಾಪುರ ಸಂಸ್ಥಾನದ ದಿವಾನರ ಮಾನನಷ್ಟ ಪ್ರಕರಣದಲ್ಲಿ 1882ರಲ್ಲಿ ತಿಲಕ್ ಮತ್ತು ಆಗರ್ಕರ್ ಮುಂಬೈನ ಡೋಂಗ್ರಿ ಜೈಲಿನಲ್ಲಿ ಜೊತೆಯಲ್ಲೇ 101 ದಿನ ಕಳೆದರು. ಅಷ್ಟು ಗಟ್ಟಿ ಸ್ನೇಹ.

ಆ ಸ್ನೇಹ ಒಡೆದದ್ದು ಒಂದು ಪ್ರಶ್ನೆಯ ಮೇಲೆ. ಮೊದಲು ರಾಜಕೀಯ ಸ್ವಾತಂತ್ರ್ಯವೋ, ಮೊದಲು ಸಮಾಜ ಸುಧಾರಣೆಯೋ? ಬಾಲ್ಯವಿವಾಹ, ವಿಧವೆಯರ ಕೇಶಮುಂಡನ, ಜಾತಿ ಇವುಗಳ ವಿರುದ್ಧ ನೇರವಾಗಿ ಬರೆಯಬೇಕೆಂದರು ಆಗರ್ಕರ್. ಜನರನ್ನು ಒಗ್ಗೂಡಿಸಬೇಕಾದ ಹೊತ್ತಿನಲ್ಲಿ ಅವರ ಮನೆಯ ಆಚಾರಕ್ಕೆ ಕೈ ಹಾಕಿ ದೂರ ಮಾಡಿಕೊಳ್ಳಬಾರದು ಎಂದರು ತಿಲಕ್. ಆಗರ್ಕರ್ ಕೇಸರಿ ಬಿಟ್ಟು 1888ರಲ್ಲಿ ಸುಧಾರಕ ಎಂಬ ಪತ್ರಿಕೆ ಶುರು ಮಾಡಿದರು. ಅದರ ಇಂಗ್ಲಿಷ್ ವಿಭಾಗ ನೋಡಿಕೊಂಡವರು 22 ವರ್ಷದ ಗೋಖಲೆ. ಅಲ್ಲಿಂದ ಅವರ ಪಕ್ಷ ಯಾವುದೆಂದು ಊರಿಗೆ ತಿಳಿಯಿತು.

ಕಾಲೇಜಿನೊಳಗೂ ಬಿರುಕು ಬಂತು. ಡೆಕ್ಕನ್ ಎಜುಕೇಶನ್ ಸೊಸೈಟಿಯ ಆಜೀವ ಸದಸ್ಯರಿಗೆ ತಿಂಗಳಿಗೆ 75 ರೂಪಾಯಿ. 20 ವರ್ಷ ಬೇರೇನೂ ಬಯಸದೆ ದುಡಿಯಬೇಕು. ಸದಸ್ಯರು ಹೊರಗಿನ ಕೆಲಸ, ಹೊರಗಿನ ಆದಾಯ ಇಟ್ಟುಕೊಳ್ಳಬಹುದೇ ಎಂಬ ವಾದ ಬೆಳೆಯಿತು. ಗೋಖಲೆ ಬರೆದ ಅಂಕಗಣಿತದ ಪಠ್ಯಪುಸ್ತಕ ಚೆನ್ನಾಗಿ ಮಾರಾಟವಾಗುತ್ತಿತ್ತು. ಅದರ ಮೇಲೆ ಅವರು ಪುಣೆ ಸಾರ್ವಜನಿಕ ಸಭೆಯ ಕಾರ್ಯದರ್ಶಿ ಹುದ್ದೆಯನ್ನೂ ಒಪ್ಪಿಕೊಂಡರು. ತಿಲಕರಿಗೆ ಅದು ತ್ಯಾಗದ ನಿಯಮಕ್ಕೆ ವಿರುದ್ಧ ಎನಿಸಿತು. 1890ರಲ್ಲಿ ತಾವೇ ಕಟ್ಟಿದ ಸಂಸ್ಥೆಗೆ ರಾಜೀನಾಮೆ ಕೊಟ್ಟು ಹೊರನಡೆದರು. ನಿಯಮದ ವಿಷಯದಲ್ಲಿ ತಿಲಕರ ಮಾತಿನಲ್ಲಿ ಹುರುಳಿತ್ತು ಎಂದೇ ಹೇಳಬೇಕು. ಜಗಳದ ಬೇರು ಮಾತ್ರ ಬೇರೆ ಕಡೆ ಇತ್ತು.

ಈ ಹೊತ್ತಿಗೆ ಗೋಖಲೆಯವರಿಗೆ ಗುರು ಸಿಕ್ಕಿದ್ದರು. ನ್ಯಾಯಾಧೀಶ ಮಹಾದೇವ ಗೋವಿಂದ ರಾನಡೆ. ಸರ್ಕಾರಿ ವರದಿಗಳನ್ನು ಓದಿಸುವುದು, ಅಂಕಿಅಂಶ ತೆಗೆಸುವುದು, ಮನವಿಗಳನ್ನು ತಿದ್ದಿ ತಿದ್ದಿ ಮತ್ತೆ ಬರೆಸುವುದು ರಾನಡೆಯವರ ಪಾಠದ ಕ್ರಮ. ಇದೇ ವಲಯದಲ್ಲಿ ಓಡಾಡಿಕೊಂಡಿದ್ದ ಇನ್ನೊಬ್ಬರು, ಪುಣೆಯಲ್ಲೇ ಎಂಜಿನಿಯರಿಂಗ್ ಓದಿ ಮುಂಬೈ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿದ್ದ ಮೋಕ್ಷಗುಂಡಂ ವಿಶ್ವೇಶ್ವರಯ್ಯ.

ಹತ್ತೋ ಹನ್ನೆರಡೋ

1891ರ ಸಮ್ಮತಿ ವಯಸ್ಸಿನ ಕಾಯ್ದೆ ಇಡೀ ನಗರವನ್ನು ಸೀಳಿತು. ಮದುವೆಯಾದ ಹುಡುಗಿಯೊಂದಿಗೆ ಗಂಡ ದೇಹಸಂಬಂಧ ಇಟ್ಟುಕೊಳ್ಳಲು ಇದ್ದ ಕನಿಷ್ಠ ವಯಸ್ಸನ್ನು 10ರಿಂದ 12ಕ್ಕೆ ಏರಿಸುವ ಕಾನೂನು ಅದು. ಬಂಗಾಳದಲ್ಲಿ ಫುಲ್‌ಮಣಿ ಎಂಬ ಬಾಲಕಿ ಗಂಡನಿಂದಲೇ ಸತ್ತ ಪ್ರಕರಣ ದೇಶವನ್ನು ಕಲಕಿತ್ತು. ರಾನಡೆ, ಆಗರ್ಕರ್, ಗೋಖಲೆ ಕಾಯ್ದೆಯ ಪರ. ತಿಲಕ್ ವಿರುದ್ಧ.

ಇಲ್ಲಿ ತಿಲಕರ ವಾದವನ್ನು ನ್ಯಾಯವಾಗಿ ಹೇಳಬೇಕು. ಬಾಲ್ಯವಿವಾಹ ಒಳ್ಳೆಯದೆಂದು ಅವರು ಹೇಳಲಿಲ್ಲ. ಹಿಂದೂಗಳ ಮನೆಯೊಳಗಿನ ವಿಷಯವನ್ನು ತಿದ್ದುವ ಹಕ್ಕು ಪರಕೀಯ ಸರ್ಕಾರಕ್ಕಿಲ್ಲ, ಸಮಾಜವೇ ತನ್ನನ್ನು ತಿದ್ದಿಕೊಳ್ಳಬೇಕು ಎಂದರು. ಎದುರಿನವರ ಉತ್ತರ ಸರಳ. ಸಮಾಜ ತಿದ್ದಿಕೊಳ್ಳುವವರೆಗೆ ಹತ್ತು ವರ್ಷದ ಮಗು ಕಾಯಬೇಕೇ? ಕಾಯ್ದೆ ಜಾರಿಯಾಯಿತು. ಆದರೆ ಪುಣೆಯಲ್ಲಿ ಸುಧಾರಕ ಎಂಬ ಪದಕ್ಕೆ ಸರ್ಕಾರದ ಮನುಷ್ಯ ಎಂಬ ಅರ್ಥ ಅಂಟಿಕೊಂಡದ್ದು ಆಗಿನಿಂದ. ಆ ಕಳಂಕವನ್ನು ಗೋಖಲೆ ಬದುಕಿನುದ್ದಕ್ಕೂ ಹೊತ್ತರು.

ಸುಧಾರಕರ ಮನೆಯೂ ಪೂರ್ತಿ ಶುದ್ಧವಾಗಿರಲಿಲ್ಲ. ಗೋಖಲೆಯವರಿಗೆ 14ರ ಸುಮಾರಿಗೆ ಮದುವೆಯಾಗಿತ್ತು. ಹೆಂಡತಿಗೆ ವಾಸಿಯಾಗದ ಕಾಯಿಲೆ. ಆಕೆ ಬದುಕಿರುವಾಗಲೇ 1887ರಲ್ಲಿ ಮನೆಯವರ ಒತ್ತಾಯಕ್ಕೆ ಮಣಿದು ಎರಡನೇ ಮದುವೆಯಾದರು. ವಿಧವಾ ವಿವಾಹದ ಪ್ರಚಾರಕರಾಗಿದ್ದ ರಾನಡೆಯವರೂ ಮೊದಲ ಪತ್ನಿ ತೀರಿದಾಗ ವಿಧವೆಯನ್ನಲ್ಲ, 11 ವರ್ಷದ ಬಾಲಕಿಯನ್ನು ಮದುವೆಯಾಗಿದ್ದರು. ಎದುರಾಳಿಗಳು ಇದನ್ನು ಎತ್ತಿ ಆಡದೆ ಬಿಡಲಿಲ್ಲ.

1890ರ ಚಹಾ ಪ್ರಸಂಗವಂತೂ ಎರಡೂ ಕಡೆಯವರನ್ನು ಒಂದೇ ಬಲೆಗೆ ಕೆಡವಿತು. ಪುಣೆಯ ಕ್ರೈಸ್ತ ಮಿಷನ್ ಒಂದರಲ್ಲಿ ನಡೆದ ಕೂಟಕ್ಕೆ ಹೋದವರ ಮುಂದೆ ಚಹಾ, ಬಿಸ್ಕತ್ತು ಬಂತು. ಆಮೇಲೆ ಅಲ್ಲಿದ್ದವರ ಹೆಸರುಗಳು ಪತ್ರಿಕೆಯಲ್ಲಿ ಅಚ್ಚಾದವು. ಪಟ್ಟಿಯಲ್ಲಿ ರಾನಡೆಯೂ ಇದ್ದರು, ತಿಲಕರೂ ಇದ್ದರು. ಶಂಕರಾಚಾರ್ಯರವರೆಗೆ ದೂರು ಹೋಗಿ ವಿಚಾರಣೆ ನಡೆಯಿತು. ಕೊನೆಗೆ ಇಬ್ಬರೂ ಪ್ರಾಯಶ್ಚಿತ್ತದ ದಾರಿ ಹಿಡಿದರು.

1893ರಿಂದ ತಿಲಕರು ಗಣೇಶೋತ್ಸವವನ್ನು ಬೀದಿಗೆ ತಂದರು, ಬಳಿಕ ಶಿವಾಜಿ ಉತ್ಸವ ಬಂತು. ಮನವಿ, ವರದಿ, ಅಂಕಿಅಂಶ ಎಂದು ಇಂಗ್ಲಿಷಿನಲ್ಲಿ ನಡೆಯುತ್ತಿದ್ದ ರಾಜಕೀಯ ಮರಾಠಿಯಲ್ಲಿ, ಡೋಲು ತಾಶೆಯಲ್ಲಿ ಜನರ ಬಳಿಗೆ ಬಂತು. ಗೋಖಲೆ ಗುಂಪಿಗೆ ಇದಕ್ಕೆ ಸಮನಾದ ಯಾವುದೂ ಗೊತ್ತಿರಲಿಲ್ಲ. ಅವರ ದೇಶ ಕಾಯ್ದೆ, ಶಾಲೆ, ತೆರಿಗೆಗಳಲ್ಲಿತ್ತು. ತಿಲಕರ ದೇಶ ಹಬ್ಬದಲ್ಲಿ, ನೆನಪಿನಲ್ಲಿ, ಕೋಟೆಗಳಲ್ಲಿತ್ತು.

1895ರ ಡಿಸೆಂಬರಿನಲ್ಲಿ ಕಾಂಗ್ರೆಸ್ ಅಧಿವೇಶನ ಪುಣೆಯಲ್ಲೇ ನಡೆದಾಗ ಜಗಳ ಪೆಂಡಾಲಿಗೂ ಬಂತು. ಕಾಂಗ್ರೆಸ್ ಮುಗಿದ ಮೇಲೆ ಅದೇ ಚಪ್ಪರದಲ್ಲಿ ರಾನಡೆಯವರ ಸಾಮಾಜಿಕ ಪರಿಷತ್ತು ಸೇರುವುದು ವಾಡಿಕೆ. ಈ ಸಲ ಅದಕ್ಕೆ ಬಿಡುವುದಿಲ್ಲ ಎಂದು ಸಂಪ್ರದಾಯಸ್ಥರು ಹಟ ಹಿಡಿದರು. ಚಪ್ಪರಕ್ಕೆ ಬೆಂಕಿ ಹಚ್ಚುವ ಮಾತೂ ಕೇಳಿಬಂತು. ಸ್ವಾಗತ ಸಮಿತಿಯ ಕೆಲಸ ಹೊತ್ತಿದ್ದ ಗೋಖಲೆ ಹೈರಾಣಾದರು. ರಾನಡೆ ಪರಿಷತ್ತನ್ನು ಫರ್ಗ್ಯುಸನ್ ಕಾಲೇಜಿನ ಮೈದಾನಕ್ಕೆ ಒಯ್ದರು. ಅದೇ ವರ್ಷ ಜೂನ್‌ನಲ್ಲಿ ಆಗರ್ಕರ್ ತೀರಿಕೊಂಡಿದ್ದರು, ಸಾರ್ವಜನಿಕ ಸಭೆಯೂ ತಿಲಕರ ಬೆಂಬಲಿಗರ ಕೈಗೆ ಹೋಗಿತ್ತು. 1896ರಲ್ಲಿ ರಾನಡೆ ಡೆಕ್ಕನ್ ಸಭಾ ಎಂಬ ಬೇರೆ ಸಂಘ ಕಟ್ಟಿದರು; ಗೋಖಲೆ ಅದರ ಕಾರ್ಯದರ್ಶಿ.

ಒಂದು ಕ್ಷಮಾಪಣೆ

1897 ಗೋಖಲೆಯವರ ಬದುಕಿನ ಅತಿ ಕೆಟ್ಟ ವರ್ಷ. ಭಾರತದ ಖರ್ಚುವೆಚ್ಚ ವಿಚಾರಿಸುತ್ತಿದ್ದ ವೆಲ್ಬಿ ಆಯೋಗದ ಮುಂದೆ ಸಾಕ್ಷಿ ಹೇಳಲು ಅವರು ಇಂಗ್ಲೆಂಡಿಗೆ ಹೋದರು. 30 ವರ್ಷದ ಮೇಷ್ಟ್ರು ಅಲ್ಲಿನ ಅಧಿಕಾರಿಗಳ ಪ್ರಶ್ನೆಗಳಿಗೆ ಕೊಟ್ಟ ಉತ್ತರ ಎಲ್ಲರ ಮೆಚ್ಚುಗೆ ಪಡೆಯಿತು. ಅದರ ಹಿಂದೆ ಗಣೇಶ ವೆಂಕಟೇಶ ಜೋಶಿ ಎಂಬ ಶಾಲಾ ಮುಖ್ಯೋಪಾಧ್ಯಾಯರ ಅಂಕಿಅಂಶಗಳ ಬಲವಿತ್ತು.

ಅಷ್ಟರಲ್ಲಿ ಪುಣೆಗೆ ಪ್ಲೇಗ್ ಬಂದಿತ್ತು. ಅಧಿಕಾರಿ ರ್‍ಯಾಂಡ್ ಕೈಕೆಳಗೆ ಸೈನಿಕರು ಮನೆಮನೆ ನುಗ್ಗಿ ತಪಾಸಣೆ ನಡೆಸುತ್ತಿದ್ದರು. ದೇವರ ಮನೆ, ಅಡುಗೆಮನೆ ಎಂಬ ಭೇದವಿಲ್ಲ. ಸೈನಿಕರು ಮಹಿಳೆಯರ ಮೇಲೆ ದೌರ್ಜನ್ಯ ಎಸಗಿದ್ದಾರೆಂದು ಸ್ನೇಹಿತರು ಬರೆದ ಪತ್ರಗಳು ಗೋಖಲೆಯವರ ಕೈ ಸೇರಿದವು. ಅವರು ಅದನ್ನು ಇಂಗ್ಲೆಂಡಿನಲ್ಲಿ ಬಹಿರಂಗವಾಗಿ ಹೇಳಿದರು. ಜೂನ್ 22ರ ರಾತ್ರಿ ಚಾಪೇಕರ್ ಸೋದರರು ರ್‍ಯಾಂಡ್ ಮೇಲೆ ಗುಂಡು ಹಾರಿಸಿದ್ದರು. ಪುಣೆಯಲ್ಲಿ ಬಂಧನಗಳು ನಡೆಯುತ್ತಿದ್ದವು. ಸರ್ಕಾರ ಗೋಖಲೆಯವರಿಗೆ ಸವಾಲು ಹಾಕಿತು: ಆರೋಪ ಸಾಬೀತು ಮಾಡಿ.

ಮುಂಬೈಗೆ ಹಡಗು ಬಂದು ನಿಂತಾಗ ಅವರಿಗೆ ತಿಳಿಯಿತು, ಪತ್ರ ಬರೆದವರು ಯಾರೂ ಮುಂದೆ ಬಂದು ಸಾಕ್ಷಿ ಹೇಳುವ ಸ್ಥಿತಿಯಲ್ಲಿಲ್ಲ ಎಂದು. ಹೆಸರು ಹೇಳಿದರೆ ಅವರು ಜೈಲಿಗೆ ಹೋಗುತ್ತಾರೆ. ಸಾಕ್ಷ್ಯವಿಲ್ಲದೆ ಆರೋಪ ನಿಲ್ಲುವುದಿಲ್ಲ. ಗೋಖಲೆ ಯಾರ ಹೆಸರನ್ನೂ ಹೇಳಲಿಲ್ಲ. ಪತ್ರಿಕೆಗಳಲ್ಲಿ ಷರತ್ತಿಲ್ಲದ ಕ್ಷಮೆ ಕೇಳಿದರು.

ಅದೇ ದಿನಗಳಲ್ಲಿ ತಿಲಕರ ಮೇಲೆ ರಾಜದ್ರೋಹದ ಮೊಕದ್ದಮೆ ನಡೆಯಿತು. ಅವರು ಕ್ಷಮೆ ಕೇಳಲಿಲ್ಲ. 18 ತಿಂಗಳ ಶಿಕ್ಷೆಯಾಯಿತು. ಒಬ್ಬರು ಜೈಲಿಗೆ ಹೋಗಿ ದೇಶದ ನಾಯಕರಾದರು, ಇನ್ನೊಬ್ಬರು ಕ್ಷಮೆ ಕೇಳಿ ಹೇಡಿ ಎನಿಸಿಕೊಂಡರು. ಊರಿನ ಕಣ್ಣಿಗೆ ಇದಕ್ಕಿಂತ ಸ್ಪಷ್ಟವಾದ ಹೋಲಿಕೆ ಬೇಕಿರಲಿಲ್ಲ. ಆ ವರ್ಷದ ಅಮರಾವತಿ ಕಾಂಗ್ರೆಸ್ಸಿನಲ್ಲಿ ಗೋಖಲೆಯವರ ಬಗ್ಗೆ ತೀವ್ರ ಅಸಮಾಧಾನವಿತ್ತು. ಹಾಗೆ ನೋಡಿದರೆ ಅವರು ತಮ್ಮ ಮಾನವನ್ನು ಬಿಟ್ಟುಕೊಟ್ಟು ಪತ್ರ ಬರೆದವರನ್ನು ಉಳಿಸಿದ್ದರು. ಆದರೆ ಅದನ್ನು ಹೇಳಿಕೊಳ್ಳುವ ದಾರಿಯೂ ಅವರಿಗಿರಲಿಲ್ಲ. ಮರುವರ್ಷ ಪ್ಲೇಗ್ ಮರಳಿದಾಗ ಸ್ವಯಂಸೇವಕರನ್ನು ಕಟ್ಟಿಕೊಂಡು ಓಣಿ ಓಣಿ ತಿರುಗಿದರು.

ಲೆಕ್ಕದ ರಾಜಕೀಯ

1899ರಲ್ಲಿ ಮುಂಬೈ ಶಾಸನಸಭೆ, 1901ರಲ್ಲಿ ಫಿರೋಜ್‌ಶಾ ಮೆಹ್ತಾ ಬಿಟ್ಟುಕೊಟ್ಟ ಸ್ಥಾನಕ್ಕೆ ವೈಸ್‌ರಾಯ್ ಅವರ ಕೇಂದ್ರ ಶಾಸನಸಭೆ. 1902ರಲ್ಲಿ ಕಾಲೇಜಿನಿಂದ ನಿವೃತ್ತರಾದ ಗೋಖಲೆ ಪೂರ್ಣಾವಧಿ ರಾಜಕಾರಣಿಯಾದರು. ಆ ವರ್ಷ ಮಾರ್ಚ್ 26ರ ಬಜೆಟ್ ಭಾಷಣ ಅವರಿಗೆ ಅಖಿಲ ಭಾರತದ ಹೆಸರು ತಂದಿತು. ಸರ್ಕಾರ ಏಳು ಕೋಟಿ ರೂಪಾಯಿ ಉಳಿತಾಯ ತೋರಿಸಿ ಬೀಗುತ್ತಿತ್ತು. ಬರ, ಪ್ಲೇಗ್‌ಗಳಲ್ಲಿ ಜನ ಸಾಯುತ್ತಿರುವಾಗ ಬೊಕ್ಕಸ ತುಂಬಿದೆ ಎಂದರೆ ತೆರಿಗೆ ಹೆಚ್ಚಾಗಿದೆ ಎಂದೇ ಅರ್ಥ ಎಂದು ಗೋಖಲೆ ಅಂಕಿಅಂಶ ಇಟ್ಟು ತೋರಿಸಿದರು. ಮಣಕ್ಕೆ ಎರಡೂವರೆ ರೂಪಾಯಿ ಇದ್ದ ಉಪ್ಪಿನ ಕರ 1903, 1905, 1907ರಲ್ಲಿ ಇಳಿಯುತ್ತಾ ಒಂದು ರೂಪಾಯಿಗೆ ಬಂತು. ಅಷ್ಟೂ ಶ್ರೇಯ ಗೋಖಲೆಯವರದೇ ಅಲ್ಲ. ಆದರೆ ವರ್ಷ ವರ್ಷ ಕೇಳುತ್ತಲೇ ಇದ್ದವರು ಅವರು.

1903ರ ಏಪ್ರಿಲ್ 27ರಂದು ಅವರು ಧಾರವಾಡಕ್ಕೆ ಬಂದಿದ್ದರು. ಅಲ್ಲಿನ ಸಾಮಾಜಿಕ ಪರಿಷತ್ತಿನಲ್ಲಿ ಅಸ್ಪೃಶ್ಯರೆನಿಸಿದವರ ಏಳಿಗೆಯ ಬಗ್ಗೆ ಗೊತ್ತುವಳಿ ಮಂಡಿಸಿ ಮಾತನಾಡಿದರು. ದಕ್ಷಿಣ ಆಫ್ರಿಕದಲ್ಲಿ ಭಾರತೀಯರನ್ನು ಬಿಳಿಯರು ಕೀಳಾಗಿ ಕಾಣುತ್ತಾರೆಂದು ಕೋಪಗೊಳ್ಳುವವರು ತಮ್ಮೂರಿನ ಕೇರಿಯವರನ್ನು ಹೇಗೆ ನಡೆಸಿಕೊಳ್ಳುತ್ತಾರೆ ಎಂದು ನೋಡಿಕೊಳ್ಳಬೇಕು ಎಂಬುದು ಆ ಮಾತಿನ ಸಾರ. ಗೋಖಲೆಯವರ ರಾಷ್ಟ್ರೀಯತೆ ಏನೆಂದು ಕೇಳುವವರಿಗೆ ಧಾರವಾಡದ ಆ ಭಾಷಣ ಬಜೆಟ್ ಭಾಷಣಕ್ಕಿಂತ ಹೆಚ್ಚು ಹೇಳುತ್ತದೆ.

1905ರ ಜೂನ್ 12ರಂದು ಪುಣೆಯಲ್ಲಿ ಭಾರತ ಸೇವಕ ಸಮಾಜ ಸ್ಥಾಪಿಸಿದರು. ಸೇರುವವರು ಏಳು ಪ್ರತಿಜ್ಞೆ ತೊಡಬೇಕು. ದೇಶವೇ ಮೊದಲು, ಜಾತಿಮತ ನೋಡದೆ ಎಲ್ಲ ಭಾರತೀಯರೂ ಸೋದರರು ಎಂಬವುಗಳ ಜೊತೆಗೆ ಯಾರೊಂದಿಗೂ ವೈಯಕ್ತಿಕ ಜಗಳಕ್ಕೆ ಇಳಿಯುವುದಿಲ್ಲ ಎಂಬ ಪ್ರತಿಜ್ಞೆಯೂ ಇತ್ತು. ಪುಣೆಯಲ್ಲಿ ಬದುಕಿದ ಮನುಷ್ಯನಿಗಲ್ಲದೆ ಇನ್ಯಾರಿಗೂ ಆ ನಿಯಮ ಹೊಳೆಯುತ್ತಿರಲಿಲ್ಲವೇನೋ. ಶ್ರೀನಿವಾಸ ಶಾಸ್ತ್ರಿ, ಕಾರ್ಮಿಕ ನಾಯಕ ಎನ್.ಎಂ. ಜೋಶಿ, ಠಕ್ಕರ್ ಬಾಪಾ ಇಲ್ಲಿಂದಲೇ ಬಂದವರು. ಆದರೆ ಅದೇ ಸಮಾಜದ ಪೀಠಿಕೆಯಲ್ಲಿ ಬ್ರಿಟಿಷರ ಸಂಬಂಧವನ್ನು ದೈವಸಂಕಲ್ಪವೆಂದು ಒಪ್ಪಿಕೊಂಡ ಸಾಲೂ ಇತ್ತು. ಬಂಗಾಳವನ್ನು ಕರ್ಜನ್ ಎರಡಾಗಿ ಒಡೆದ ವರ್ಷದಲ್ಲಿ ಆ ಸಾಲನ್ನು ಯುವಕರು ಹೇಗೆ ಓದಿದರು ಎಂದು ಬೇರೆ ಹೇಳಬೇಕಿಲ್ಲ.

ಆ ವರ್ಷದ ಕೊನೆಗೆ ಕಾಶಿ ಕಾಂಗ್ರೆಸ್ಸಿಗೆ ಗೋಖಲೆ ಅಧ್ಯಕ್ಷರು. ವಯಸ್ಸು 39. ಬ್ರಿಟನ್ನಿನಲ್ಲಿ ಲಿಬರಲ್ ಪಕ್ಷ ಅಧಿಕಾರಕ್ಕೆ ಬಂದಿತ್ತು, ತಾವು ಗೌರವಿಸುತ್ತಿದ್ದ ಜಾನ್ ಮಾರ್ಲೆ ಭಾರತ ಸಚಿವರಾಗಿದ್ದರು. ಗೋಖಲೆ ಬಹಳ ನಂಬಿದರು. ಮಾರ್ಲೆ ಬಂಗಾಳದ ವಿಭಜನೆ ಮುಗಿದ ಮಾತು ಎಂದುಬಿಟ್ಟರು. ಸಜ್ಜನರ ಮಾತಿಗೆ ಸಜ್ಜನರು ಕಿವಿಗೊಡುತ್ತಾರೆ ಎಂಬ ನಂಬಿಕೆ ಗೋಖಲೆಯವರ ದೊಡ್ಡ ದೌರ್ಬಲ್ಯವಾಗಿತ್ತು, ಸಾಮ್ರಾಜ್ಯ ಅಂಥ ನಂಬಿಕೆಯ ಮೇಲೆ ನಡೆಯುವುದಿಲ್ಲ.

ಸೂರತ್‌ನ ಚಪ್ಪಲಿ

1907ರ ಡಿಸೆಂಬರ್. ಸೂರತ್ ಕಾಂಗ್ರೆಸ್. ಹಿಂದಿನ ವರ್ಷ ಕಲ್ಕತ್ತೆಯಲ್ಲಿ ಒಪ್ಪಿದ ಸ್ವರಾಜ್ಯ, ಸ್ವದೇಶಿ, ಬಹಿಷ್ಕಾರ, ರಾಷ್ಟ್ರೀಯ ಶಿಕ್ಷಣದ ಗೊತ್ತುವಳಿಗಳನ್ನು ಮಂದಗಾಮಿಗಳು ಸಡಿಲಗೊಳಿಸುತ್ತಾರೆ ಎಂಬ ಗುಮಾನಿ ತೀವ್ರಗಾಮಿಗಳಿಗೆ. ರಾಸ್‌ಬಿಹಾರಿ ಘೋಷ್ ಅಧ್ಯಕ್ಷತೆಗೆ ಅವರ ವಿರೋಧವಿತ್ತು. ಎರಡನೇ ದಿನ ತಿಲಕರು ವೇದಿಕೆ ಏರಿ ಮಾತನಾಡುವ ಹಕ್ಕು ಕೇಳಿ ಕೈಕಟ್ಟಿ ನಿಂತರು. ಕೂಗಾಟದ ನಡುವೆ ಸಭಿಕರ ಕಡೆಯಿಂದ ಒಂದು ಮರಾಠಿ ಚಪ್ಪಲಿ ಹಾರಿಬಂದು ಸುರೇಂದ್ರನಾಥ ಬ್ಯಾನರ್ಜಿ, ಫಿರೋಜ್‌ಶಾ ಮೆಹ್ತಾ ಇಬ್ಬರಿಗೂ ತಾಗಿತು. ಕುರ್ಚಿಗಳು ಎದ್ದವು, ದೊಣ್ಣೆಗಳು ಬಂದವು. ಕೆಲವರು ತಿಲಕರ ಮೇಲೆ ನುಗ್ಗಿದಾಗ ಎರಡೂ ತೋಳು ಚಾಚಿ ಅಡ್ಡ ನಿಂತವರು ಗೋಖಲೆ. ಅಲ್ಲಿದ್ದ ಇಂಗ್ಲಿಷ್ ಪತ್ರಕರ್ತ ಹೆನ್ರಿ ನೆವಿನ್‌ಸನ್ ಅದನ್ನು ಕಣ್ಣಾರೆ ಕಂಡು ದಾಖಲಿಸಿದ್ದಾರೆ.

ಕಾಂಗ್ರೆಸ್ ಒಡೆಯಿತು. 1908ರಲ್ಲಿ ತಿಲಕರಿಗೆ ಆರು ವರ್ಷ ಶಿಕ್ಷೆಯಾಗಿ ಮಂಡಾಲೆಗೆ ಹೋದರು. ಆಗ ಗೋಖಲೆ ಲಂಡನ್ನಿನಲ್ಲಿದ್ದರು. ತಿಲಕರ ಬಂಧನದ ಹಿಂದೆ ಗೋಖಲೆಯವರ ಕೈ ಇದೆ ಎಂಬ ಪುಕಾರು ಪುಣೆಯಲ್ಲಿ ಹಬ್ಬಿತು. ವಾಸ್ತವದಲ್ಲಿ ಆ ಮೊಕದ್ದಮೆ ಮಾರ್ಲೆಗೇ ಹಿಡಿಸಿರಲಿಲ್ಲ. ಸುಳ್ಳು ಸುದ್ದಿಗೆ ಅಂದೂ ಕಾಲು ಇದ್ದವು.

ಮುಂದಿನ ವರ್ಷಗಳ ಕೆಲಸಗಳಲ್ಲಿ 1911ರ ಮಾರ್ಚ್ 16ರಂದು ಮಂಡಿಸಿದ ಪ್ರಾಥಮಿಕ ಶಿಕ್ಷಣ ಮಸೂದೆ ಎಲ್ಲಕ್ಕಿಂತ ದೊಡ್ಡದು. 6ರಿಂದ 10 ವರ್ಷದ ಹುಡುಗರಿಗೆ ಕಡ್ಡಾಯ ಶಿಕ್ಷಣ, ಅದೂ ಪುರಸಭೆ ಅಥವಾ ಜಿಲ್ಲಾ ಮಂಡಳಿ ಬಯಸಿದ ಕಡೆ ಮಾತ್ರ. ಅಷ್ಟು ಮೆತ್ತನೆಯ ಮಸೂದೆಯೂ ಉಳಿಯಲಿಲ್ಲ. ಅಧಿಕಾರಿಗಳಷ್ಟೇ ಅಲ್ಲ, ಕೆಲವು ಭಾರತೀಯ ಸದಸ್ಯರೂ ಎದುರು ನಿಂತರು. 1912ರ ಮಾರ್ಚ್ 19ರಂದು 38ಕ್ಕೆ 13 ಮತಗಳಿಂದ ಬಿದ್ದುಹೋಯಿತು. ಸೋಲು ಖಚಿತ ಎಂದು ಗೊತ್ತಿದ್ದೇ ಅವರು ಮತಕ್ಕೆ ಹಾಕಿಸಿದ್ದರು. ಬರೋಡ ಸಂಸ್ಥಾನ 1906ರಲ್ಲೇ ಕಡ್ಡಾಯ ಶಿಕ್ಷಣ ತಂದಿತ್ತು. ಮೈಸೂರಿನಲ್ಲಿ ವಿಶ್ವೇಶ್ವರಯ್ಯ ದಿವಾನರಾದ ಮೇಲೆ 1913ರಲ್ಲಿ ಅಂಥ ಶಾಸನ ಬಂತು. ಇಡೀ ದೇಶಕ್ಕೆ ಹಕ್ಕಾಗಿ ಸಿಗಲು 2009ರ ಕಾಯ್ದೆಯವರೆಗೆ ಕಾಯಬೇಕಾಯಿತು.

1912ರ ಕೊನೆಗೆ ದಕ್ಷಿಣ ಆಫ್ರಿಕಕ್ಕೆ ಹೋದರು. ಗಾಂಧಿ ಜೊತೆಯಲ್ಲೇ ಇದ್ದರು. ರಾನಡೆ ಕೊಟ್ಟಿದ್ದ ಒಂದು ಉತ್ತರೀಯವನ್ನು ಗೋಖಲೆ ವಿಶೇಷ ಸಂದರ್ಭಗಳಲ್ಲಿ ಮಾತ್ರ ಹೊದೆಯುತ್ತಿದ್ದರು. ಅದಕ್ಕೆ ಇಸ್ತ್ರಿ ಹಾಕುವ ಕೆಲಸವನ್ನು ಗಾಂಧಿ ಕೇಳಿ ಪಡೆದರು. ಗಾಂಧಿ ಗೋಖಲೆಯವರನ್ನು ರಾಜಕೀಯ ಗುರು ಎಂದು ಒಪ್ಪಿಕೊಂಡದ್ದು ಎಲ್ಲರಿಗೂ ಗೊತ್ತು. ಆ ಕಾಲದ ಜಿನ್ನಾ ಅವರಿಗೂ ಗೋಖಲೆಯವರೇ ಮಾದರಿಯಾಗಿದ್ದರು ಎಂಬುದನ್ನು ಜನ ಅಷ್ಟು ನೆನಪಿಟ್ಟುಕೊಂಡಿಲ್ಲ.

ಕೊನೆಯ ಜಗಳ

1914ರ ಜೂನ್‌ನಲ್ಲಿ ತಿಲಕರು ಬಿಡುಗಡೆಯಾಗಿ ಪುಣೆಗೆ ಬಂದರು. ಗೋಖಲೆಯವರಿಗೆ ಸಕ್ಕರೆ ಕಾಯಿಲೆ, ಹೃದಯವೂ ಸೋತಿತ್ತು. ಆನಿ ಬೆಸೆಂಟ್ ಮಧ್ಯಸ್ಥಿಕೆಗೆ ಪುಣೆಗೆ ಬಂದರು. ತೀವ್ರಗಾಮಿಗಳನ್ನು ಮತ್ತೆ ಕಾಂಗ್ರೆಸ್ಸಿಗೆ ಸೇರಿಸುವ ಮಾತುಕತೆ ಆಶಾದಾಯಕವಾಗಿಯೇ ಶುರುವಾಯಿತು. ಆದರೆ ತಿಲಕರ ಉದ್ದೇಶ ಬದಲಾಗಿಲ್ಲ ಎಂದು ಗೋಖಲೆಯವರಿಗೆ ಅನಿಸಿತು. ಅದನ್ನು ಕಾಂಗ್ರೆಸ್ ಅಧ್ಯಕ್ಷ ಭೂಪೇಂದ್ರನಾಥ ಬಸು ಅವರಿಗೆ ಪತ್ರದಲ್ಲಿ ತಿಳಿಸಿದರು. ಮದ್ರಾಸ್ ಕಾಂಗ್ರೆಸ್ಸಿನಲ್ಲಿ ಪತ್ರದ ವಿಷಯ ಹೊರಬಿತ್ತು. ತಿಲಕರು ತಾವು ಹಾಗೆ ಹೇಳಿಲ್ಲ ಎಂದು ತಂತಿ ಕಳಿಸಿದರು. ಸಂಧಾನ ಮುರಿಯಿತು. 1915ರ ಜನವರಿ, ಫೆಬ್ರವರಿ ತುಂಬಾ ಕೇಸರಿಯಲ್ಲಿ ಇದೇ ವಾಗ್ವಾದ.

ಆಫ್ರಿಕದಿಂದ ಮರಳಿದ ಗಾಂಧಿ ಆಗ ಪುಣೆಗೆ ಬಂದಿದ್ದರು. ಅವರನ್ನು ಭಾರತ ಸೇವಕ ಸಮಾಜಕ್ಕೆ ಸೇರಿಸಿಕೊಳ್ಳುವ ಆಸೆ ಗೋಖಲೆಯವರಿಗೆ. ಸದಸ್ಯರಿಗೆ ಅನುಮಾನ. ಒಂದು ವರ್ಷ ದೇಶ ಸುತ್ತಿ, ಬಾಯಿ ತೆರೆಯದೆ ಎಲ್ಲವನ್ನೂ ನೋಡಲು ಗೋಖಲೆ ಗಾಂಧಿಗೆ ಹೇಳಿದರು. ಗಾಂಧಿಗಾಗಿ ಸಮಾಜದ ಅಂಗಳದಲ್ಲಿ ಏರ್ಪಡಿಸಿದ ಕೂಟಕ್ಕೆ ನಡೆದು ಬಂದವರು ತಲೆಸುತ್ತಿ ಕುಸಿದರು.

1915ರ ಫೆಬ್ರವರಿ 19ರ ರಾತ್ರಿ ಗೋಖಲೆ ತೀರಿಕೊಂಡರು. 49 ತುಂಬಿರಲಿಲ್ಲ. ಸಿಂಹಗಡದಲ್ಲಿದ್ದ ತಿಲಕರು ಸುದ್ದಿ ತಿಳಿದು ಬೆಟ್ಟ ಇಳಿದು ಸ್ಮಶಾನಕ್ಕೆ ಬಂದರು. ಚಿತೆಯ ಬಳಿ ಮಾತನಾಡಿ, ಇಂಥವರ ಬದುಕನ್ನು ಮಾದರಿಯಾಗಿ ಇಟ್ಟುಕೊಳ್ಳಬೇಕೆಂದು ನೆರೆದವರಿಗೆ ಹೇಳಿದರು. ಅವರು ಹಿಂದಿನ ವಾರಗಳಲ್ಲಿ ಕೇಸರಿಯಲ್ಲಿ ಬರೆದದ್ದೂ ಆ ದಿನ ಹೇಳಿದ್ದೂ ಎರಡೂ ಪ್ರಾಮಾಣಿಕವಾದವೇ.

ಗಾಂಧಿಯನ್ನು ಸೇರಿಸಿಕೊಳ್ಳುವ ಬಗ್ಗೆ ಸೇವಕ ಸಮಾಜದಲ್ಲಿ ಒಮ್ಮತ ಬರಲಿಲ್ಲ. ಒಡಕು ಬೇಡವೆಂದು ಗಾಂಧಿ ಅರ್ಜಿ ಹಿಂದಕ್ಕೆ ಪಡೆದರು. 1916ರ ಏಪ್ರಿಲ್‌ನಲ್ಲಿ ತಿಲಕರು ಬೆಳಗಾವಿಯಲ್ಲಿ ಹೋಂ ರೂಲ್ ಲೀಗ್ ಸ್ಥಾಪಿಸಿದರು. ವರ್ಷದ ಕೊನೆಗೆ ಲಖನೌನಲ್ಲಿ ಎರಡೂ ಬಣ ಮತ್ತೆ ಒಂದೇ ವೇದಿಕೆಯಲ್ಲಿ ಕುಳಿತವು. ಎರಡೇ ವರ್ಷದಲ್ಲಿ, 1918ರಲ್ಲಿ, ಮಂದಗಾಮಿಗಳು ಕಾಂಗ್ರೆಸ್ ಬಿಟ್ಟು ಲಿಬರಲ್ ಫೆಡರೇಶನ್ ಕಟ್ಟಿಕೊಂಡರು. ಈ ಸಲ ಹೊರಗೆ ಹೋದವರು ಅವರು.

ಕನ್ನಡ ನಾಡಿನಲ್ಲೂ ಈ ಗೆರೆ ಹಾದುಹೋಯಿತು. ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ಬೆಳಗಾವಿ, ಧಾರವಾಡದ ಕಡೆ ಗಂಗಾಧರರಾವ್ ದೇಶಪಾಂಡೆಯಂಥವರು ತಿಲಕರನ್ನು ಹಿಂಬಾಲಿಸಿದರು. ಹಳೆ ಮೈಸೂರಿನಲ್ಲಿ ಡಿ.ವಿ. ಗುಂಡಪ್ಪ ಗೋಖಲೆಯವರ ಜೀವನಚರಿತ್ರೆಯನ್ನು ಕನ್ನಡದಲ್ಲಿ ಬರೆದರು. 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿದರು. ಬುಲ್ ಟೆಂಪಲ್ ರಸ್ತೆಯ ಆ ಕಟ್ಟಡದಲ್ಲಿ ಉಪನ್ಯಾಸಗಳೂ ಗ್ರಂಥಾಲಯವೂ ಈಗಲೂ ನಡೆಯುತ್ತಿವೆ.